ಹೊಸಕೇರಿಗೆ ಬಂದ ಬೋರ್ಡು

ಸಾಗರ
೨೮ ಸೆಪ್ಟೆಂಬರ್ ೨೦೨೫

ಚಿರಂಜೀವಿ ಮಂಜುಶ್ರೀಗೆ ನಿನ್ನಜ್ಜನ ಆಶೀರ್ವಾದಗಳು.

ನಾವು ಹೇಗೋ ಇದ್ದೇವೆ. ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿ ಊಟ ಸೇರುತ್ತಿದೆಯೇ? ಉತ್ತರ ತಡವಾಯಿತು, ಸಿಟ್ಟಾಗಬೇಡ ಮಗಾ. ‘ಕೊಳೆಗೇರಿ ಅನ್ನೋ ಪದ ಹೇಗೆ ಹುಟ್ಟಿತು, ಕಾಲೇಜಿಗೆ ಬರೆದುಕೊಂಡು ಹೋಗಬೇಕು’ ಎಂದು ಕೇಳಿದ್ದೆಯಲ್ಲ, ತಡವಾದದ್ದು ಅದಕ್ಕೇ.

ಶೇಂಗಾ ಕಟ್ಟಿಕೊಟ್ಟ ಪೇಪರ್ ಓದಿ ಅಕ್ಷರ ಕಲಿತವನು ನಾನು. ನನಗೆ ತಿಳಿದಂತೆ ಕೊಳೆ ತುಂಬಿದ ಕೇರಿಯೇ ಕೊಳೆಗೇರಿ. ನಿಮ್ಮ ಮೇಷ್ಟ್ರಿಗೆ ಇಷ್ಟು ಸಾಕು. ಆದರೆ ನಮ್ಮಲ್ಲಿ ಕೇರಿ ಮೊದಲು ಬಂತು, ಕೊಳೆ ಆಮೇಲೆ. ಅಣೆಕಟ್ಟಿನ ನೀರಿಗೆ ಊರು ಮುಳುಗಿದಾಗ ಇಲ್ಲಿಗೆ ಬಂದು ಮಣ್ಣಿನ ಗೋಡೆ ಎಬ್ಬಿಸಿ, ಹೊಸಕೇರಿ ಎಂದು ಹೆಸರಿಟ್ಟೆವು. ನಿನ್ನಜ್ಜಿ ಹುಲಿಯಮ್ಮ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಳು. ದಾರಿಹೋಕರು ನಿಂತು ನೋಡುತ್ತಿದ್ದರು.

ಪೇಟೆಯ ಚರಂಡಿಯನ್ನು ನಮ್ಮ ಬಾಗಿಲಿಗೆ ತಂದು ಬಿಟ್ಟದ್ದು ಎಷ್ಟೋ ವರ್ಷದ ಮೇಲೆ. ಮೂರು ಸಲ ಅರ್ಜಿ ಕೊಟ್ಟರೂ ಯಾರೂ ಬರಲಿಲ್ಲ. ನಾಲ್ಕನೆಯದಕ್ಕೆ ಬಂದರು. ಚರಂಡಿ ಮುಟ್ಟಲಿಲ್ಲ, ‘ಕೊಳೆಗೇರಿ’ ಎಂದು ಬೋರ್ಡು ನೆಟ್ಟು, ಗೋಡೆಗೋಡೆಗೂ ನಂಬರ್ ಹೊಡೆದರು. ದೀಪಾವಳಿ ಕಳೆದ ಮೇಲೆ ಎಲ್ಲರೂ ಮನೆ ಖಾಲಿ ಮಾಡಬೇಕಂತೆ. ಎಲ್ಲೋ ಒಂಬತ್ತು ಮೈಲಿ ಆಚೆ ಮೂರನೇ ಮಹಡಿ ನಮಗೆ. ಅಜ್ಜಿಯ ಮಂಡಿನೋವು ನಿನಗೆ ಗೊತ್ತಲ್ಲ.

‘ಕೊಳೆ ನಿಮ್ದು ಸ್ವಾಮಿ, ನಿಮ್ದನ್ನ ನೀವು ತಗಂಡು ಹೋಗಿ’ ಎಂದು ಅವಳು ಅಧಿಕಾರಿಯನ್ನೇ ಗದರಿದಳು.

‘ನಾವೆಂತ ಮಾಡದು ಅಜ್ಜೀ, ಇದು ಕೊಳೆಗೇರಿ ಅಂತ ನಿಮ್ಮೋರೇ ಬರ್ದು ಕೊಟ್ಟಿದಾರೆ’ ಎಂದರು ಅವರು.

ಅಂದಿನಿಂದ ‘ಬರ್ದವ್ನ ಕೈ ಸೇದೋಗ್ಲಿ’ ಎಂದು ಶಪಿಸುತ್ತಲೇ ಇದ್ದಾಳೆ. ನಾಲ್ಕನೆಯ ಅರ್ಜಿ ಒಯ್ದು ಕೊಟ್ಟವನು ಪಕ್ಕದ ಮನೆ ಗೋಪಾಲಪ್ಪ. ಅವನ ಮೇಲೇ ಗುಮಾನಿ, ಮಾತು ಬಿಟ್ಟಿದ್ದಾಳೆ. ಭೂಮಿ ಹುಣ್ಣಿಮೆ ಹಬ್ಬ ಹತ್ತಿರ ಬಂತಲ್ಲ, ನಂಬರಿನ ಮೇಲೇ ಕೆಮ್ಮಣ್ಣು ಬಳಿದು ಮತ್ತೆ ಚಿತ್ತಾರ ಹಿಡಿದಿದ್ದಾಳೆ.

‘ಕೆಡವೋ ಗೋಡೆಗೆ ಎಂತಕ್ಕೆ ಮಾರಾಯ್ತಿ?’ ಎಂದೆ.

‘ಬೋಳುಗೋಡೆ ಕೆಡವಿಸ್ಕಳಕ್ಕೆ ನಂಗೆ ನಾಚ್ಕೆ’ ಎಂದಳು.

ಹುಣ್ಣಿಮೆಗೆ ಬಂದುಬಿಡು ಮಗಾ, ಈ ಮನೆಯಲ್ಲಿ ಇದೇ ಕೊನೆಯದು. ಚೆನ್ನಾಗಿ ಓದು. ನಿನ್ನ ಬಾಳು ಹಸನಾಗಲಿ.

ಇಂತಿ ನಿನ್ನಜ್ಜ,
ಜಟ್ಟಪ್ಪ

ತಾ.ಕ.: ಇದು ಅಜ್ಜಿಗೆ ತಿಳಿಯಬಾರದು. ‘ಚರಂಡಿ ಅಂತ ಬರ್ದ್ರೆ ಯಾರೂ ಬರಲ್ಲ ಅಜ್ಜಾ, ಕೊಳೆಗೇರಿ ಅಂತ ಬರೀರಿ, ಓಡಿ ಬರ್ತಾರೆ’ ಎಂದು ಮೂರನೆಯ ಸಲ ಹೋದಾಗ ಆಫೀಸಿನ ಗುಮಾಸ್ತ ನನಗೆ ಹೇಳಿದ್ದ. ನಾಲ್ಕನೆಯ ಅರ್ಜಿಯಲ್ಲಿ ಆ ಪದ ಬರೆದವನು ನಾನೇ. ಗೋಪಾಲಪ್ಪನಿಗೆ ಗೊತ್ತು, ಬೈಸಿಕೊಳ್ಳುತ್ತಾನೆ, ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿಲ್ಲ. ಅದೇ ಕೈಯಲ್ಲಿ ದಿನಾ ಅವಳಿಗೆ ಕೆಮ್ಮಣ್ಣು ಕಲಸಿಕೊಡುತ್ತಿದ್ದೇನೆ.