ಬೆಚ್ಚಗಿನ ಕನ್ನಡಕ

ಅಮ್ಮಾ,

ನಾನು ಬೇಕರಿ ಕೆಲಸಕ್ಕೆ ಹೊರಟೆ. ನಿನ್ನ ಮೊಮ್ಮಗಳು ಇನ್ನೂ ಮಲಗಿದ್ದಾಳೆ.

ಎದ್ದ ಕೂಡಲೇ ಅವಳಿಗೆ ಹೊಸ ಕನ್ನಡಕ ಹಾಕೋಕೆ ಹೋಗಬೇಡ. ಮೊದಲು ಫ್ರೇಮನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡು. ತಣ್ಣಗಿನದು ಕಿವಿಗೆ ತಾಗಿದರೆ ಕಿತ್ತು ಎಸೀತಾಳೆ. ಆಮೇಲೆ ಎದುರಿಗೆ ಕೂತು ಅವಳ ಕೈಗೇ ಕೊಡು. ತೆಗೆದರೆ ಬೆನ್ನು ಹತ್ತಬೇಡ, ಸ್ವಲ್ಪ ಬಿಟ್ಟು ಮತ್ತೆ ಕೊಡು.

ಆದರೆ ನಿನ್ನೆಯ ಹಾಗೆ "ಪಾಪ, ಮೂಗು ನೋಯುತ್ತೆ" ಅಂತ ಹಾಕಿದ ಕೂಡಲೇ ನೀನೇ ತೆಗೆದು ಬೀರು ಮೇಲಿಟ್ಟರೆ ನಾನು ಸುಮ್ಮನಿರಲ್ಲ, ಈಗಲೇ ಹೇಳಿದೀನಿ. ದಮ್ಮಯ್ಯ ಅಂತೀನಿ, ಇವತ್ತೊಂದು ದಿನ ನಿನ್ನ ಕರುಣೆ ಪಕ್ಕಕ್ಕಿಡು.

ಮೆಟ್ಟಿಲ ಹತ್ತಿರ ನಿಂತು ಕಿರುಚ್ತಿದ್ದಳಲ್ಲ, ನಾನು ಅದೂ ಅವಳ ಆಟಿಸಂನಿಂದಲೇ ಅಂದುಕೊಂಡೆ, ನೀನು ಹಟ ಅಂದೆ. ಅವಳಿಗೆ ಮೆಟ್ಟಿಲೇ ಸರಿಯಾಗಿ ಕಾಣ್ತಿರಲಿಲ್ಲ, ಅಷ್ಟೇ. ನಿನ್ನೆ ಸಂಜೆ ನೀನು ಅಂಗಡಿಗೆ ಹೋದಾಗ ಕನ್ನಡಕ ಹಾಕ್ಕೊಂಡು ತಾನೇ ಇಳಿದಳು, ಅಮ್ಮಾ! ಕೆಳಗೆ ಬಂದು ನನ್ನ ಗಲ್ಲದ ಮಚ್ಚೆ ಮುಟ್ಟಿ ಮುಟ್ಟಿ ನೋಡಿದಳು, ಅದು ಆಗಷ್ಟೇ ಹುಟ್ಟಿದ್ದು ಅನ್ನೋ ಹಾಗೆ.

ನಿನ್ನ ಮುಖ ಅವಳಿನ್ನೂ ಸರಿಯಾಗಿ ನೋಡಿಲ್ಲ. ಕಿಟಕಿ ಪಕ್ಕ, ಬೆಳಕಲ್ಲಿ ಕೂತ್ಕೋ.

ತಲೆ ಬಾಚ್ಕೊಂಡಿರು.