ನಿಲ್ಲದ ಲಿಫ್ಟು

ಆ ಗುಹೆಯ ಆಟ ಮಾಡಿದವರಿಗೆ,

ಗೌರವದ ಮಾತಿನಿಂದ ಶುರುಮಾಡೋಣ ಎಂದುಕೊಂಡೆ, ಕೈ ಬರಲಿಲ್ಲ. ನಿಮ್ಮ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಬದುಕಿದ್ದೀರೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ನನ್ನ ಸಿಟ್ಟಿಗೆ ಒಬ್ಬರು ಬೇಕು. ಇಷ್ಟು ದಿನ ಅದನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ತಂದುಕೊಟ್ಟ ಆಟ ಅದು. ಟಿವಿಗೆ ಸಿಕ್ಕಿಸಿ ಆಡುವಂಥದ್ದು. ತಲೆಗೆ ದೀಪ ಕಟ್ಟಿಕೊಂಡ ಪುಟ್ಟ ಮನುಷ್ಯನೊಬ್ಬ ಗುಹೆಗೆ ಇಳಿಯುತ್ತಾನೆ. ಇಳಿಯುತ್ತಾನೆ ಅಂದೆನೇ? ಸಾಯುತ್ತಾನೆ. ಮೊಣಕಾಲೆತ್ತರದ ಕಲ್ಲಿನಿಂದ ಬಿದ್ದರೆ ಸಾಯುತ್ತಾನೆ, ಮೇಲಿಂದ ನೀರಿನ ಹನಿ ತಾಗಿದರೂ ಸಾಯುತ್ತಾನೆ. ಇಂಥವನನ್ನು ಗುಹೆಗೆ ಕಳಿಸುವ ಬುದ್ಧಿ ನಿಮಗೆ ಯಾರು ಕೊಟ್ಟರು? ಅವನನ್ನು ಮಂಚದಿಂದ ಇಳಿಸುವುದಕ್ಕೇ ಇಬ್ಬರು ಬೇಕು. ನಾವು ಮಕ್ಕಳೆಲ್ಲ ರೋಸಿಹೋಗಿ ಅದನ್ನು ಅಟ್ಟಕ್ಕೆ ಎಸೆದಿದ್ದೆವು.

ಈ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು, ಬಲಗೈ ಹೆಬ್ಬೆರಳು ಮಾತ್ರ ಮರಳಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದು, ನಾನು ಹಾಕಲು ಹೋದರೆ ಕೈ ತಳ್ಳುತ್ತಾರೆ. ಗುಂಡಿ ಹಾಕದೆ ಬೀದಿಗೆ ಇಳಿಯುವ ಮನುಷ್ಯ ಅವರಲ್ಲ. ಹಾಗಾಗಿ ಬನಿಯನ್ನಿನಲ್ಲೇ ಕೋಣೆ ಹಿಡಿದು ಕೂತರು. ಗೆಳೆಯರು ಬಂದರೆ ನಿದ್ದೆಯ ನಾಟಕ. ವ್ಯಾಯಾಮ ಮಾಡಿಸುವ ಹೆಂಗಸು ಸ್ಪಂಜಿನ ಚೆಂಡು ಕೊಟ್ಟು, "ದಿನಾ ಹಿಸುಕಿ, ಇಲ್ಲಾಂದ್ರೆ ಬೆರಳು ಹೀಗೇ ಉಳಿದುಬಿಡುತ್ತೆ" ಎಂದು ಹೇಳಿ ಹೋದರು. ಅಪ್ಪ ಆ ಚೆಂಡನ್ನು ಅಲುಗಾಡುವ ಮೇಜಿನ ಕಾಲಡಿಗೆ ತುರುಕಿದರು. ಬೇರೆ ದಾರಿ ತೋಚದೆ, ಬಟನ್ ಒತ್ತುವ ನೆಪದಲ್ಲಾದರೂ ಬೆರಳು ಆಡಲಿ ಎಂದು ನಾನು ನಿಮ್ಮ ಆಟವನ್ನು ಅಟ್ಟದಿಂದ ಇಳಿಸಿದೆ.

ಅದಕ್ಕೆ ಅಂಟಿಕೊಂಡರು ನೋಡಿ. ಆದರೆ ಗುಹೆಯಲ್ಲಿ ನೀವು ಒಂದು ಲಿಫ್ಟ್ ಇಟ್ಟಿದ್ದೀರಿ. ಅಲ್ಲಿಯವರೆಗೆ ಸುಮ್ಮನೆ ನಡೆದರಾಯಿತು, ಅಷ್ಟಕ್ಕೆ ಎಡಗೈ ಸಾಕು. ಮುಂದೆ ಆ ದರಿದ್ರ ಲಿಫ್ಟ್ ಎಲ್ಲೂ ನಿಲ್ಲುವುದಿಲ್ಲ. ಅದು ಇಳಿಯುತ್ತಿರುವಾಗಲೇ ಪಕ್ಕದ ಬಂಡೆಗೆ ಹಾರಬೇಕು, ಇಲ್ಲದಿದ್ದರೆ ತಳದ ನೀರಿಗೆ. ನಮ್ಮಪ್ಪ ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವರು. ಲಿಫ್ಟಿನಲ್ಲಿ ಕೈಕಟ್ಟಿ ನಿಂತವರ ಹಾಗೆ ಆ ಪುಟ್ಟ ಮನುಷ್ಯನನ್ನು ನಿಲ್ಲಿಸಿ ಕಾದರು. ಅವನು ಮುಳುಗಿ ಸತ್ತ. ಮತ್ತೆ ಕಾದರು, ಮತ್ತೆ ಸತ್ತ. "ಹಾರಿಸಿ ಅಪ್ಪಾ" ಎಂದು ನಾನು ಪಕ್ಕದಲ್ಲಿ ಕೂತು ಗೋಗರೆದೆ. "ನಿಲ್ಲದೇ ಇರೋ ಲಿಫ್ಟಿಂದ ಮನುಷ್ಯ ಇಳೀಬಾರದು ಕಣಮ್ಮ. ಎಷ್ಟು ಹುಡುಗರಿಗೆ ಹೇಳ್ಕೊಟ್ಟಿದ್ದೀನಿ ಇದನ್ನ" ಎಂದರು. ಆಟದಲ್ಲೂ ಇವರ ಕಾಯಿದೆಯೇ ಎಂದು ನನಗೆ ತಲೆ ಕೆಟ್ಟುಹೋಯಿತು. ಹಟಮಾರಿ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಎತ್ತಿಕೊಂಡು ಬಂದೆ. ನಾನು ಬಂದದ್ದು ಅಪ್ಪನಿಗೆ ಕೇಳಿಸಲಿಲ್ಲ. ಲಿಫ್ಟ್ ಇಳಿಯುತ್ತಿತ್ತು. ಅಪ್ಪ ಹಲ್ಲು ಕಚ್ಚಿ, ಭುಜದಿಂದಲೇ ಹೆಬ್ಬೆರಳನ್ನು ನೂಕುತ್ತಿದ್ದರು. "ಹಾರೋ, ಹಾರಪ್ಪ, ಒಂದ್ಸಲ" ಎಂದು ಆ ಪುಟ್ಟ ಮನುಷ್ಯನನ್ನು ಬೇಡಿಕೊಳ್ಳುತ್ತಿದ್ದರು. ಬಂಡೆ ದಾಟಿಹೋಯಿತು, ಅವನು ಮುಳುಗಿದ. ಕಾಯಿದೆಯೂ ಇಲ್ಲ, ಹಟವೂ ಇಲ್ಲ. ಬೆರಳು ಕೇಳುತ್ತಿರಲಿಲ್ಲ, ಅದನ್ನು ಮಗಳಿಗೆ ಹೇಳುವುದಕ್ಕೆ ಅವರಿಗೆ ಬಾಯಿ ಬರುತ್ತಿರಲಿಲ್ಲ.

ಬಟ್ಟೆ ಹಿಡಿದುಕೊಂಡೇ ಹಿಂದೆ ಸರಿದೆ. ಅವತ್ತು ನಿಮ್ಮ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹಾರುವ ಬಟನ್ನನ್ನು ಬಲ ಹೆಬ್ಬೆರಳಿಗೇ ಯಾಕೆ ಇಟ್ಟಿರಿ? ಲಿಫ್ಟನ್ನು ಒಂದು ಉಸಿರು ನಿಲ್ಲಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಆಟ ಕಷ್ಟವಾಗಿದ್ದರೆ ಚೆನ್ನ ಎಂದು ಯಾವುದೋ ಕೋಣೆಯಲ್ಲಿ ಕೂತು ನಕ್ಕಿರಬೇಕು ನೀವು. ಇಲ್ಲಿ ನನ್ನ ಅಪ್ಪ ಒಂದು ಬಟನ್ ಒತ್ತಲು ಬೆವರುತ್ತಿದ್ದರು.

ಆಮೇಲೆ ನಾನು ಪಕ್ಕದಲ್ಲಿ ಕೂರುವುದನ್ನು ಬಿಟ್ಟೆ. ಅಡುಗೆಮನೆಯಿಂದ ಕಿವಿಗೊಟ್ಟು ಕೇಳುತ್ತಿದ್ದೆ. ಅವನು ಮುಳುಗುವ ಸದ್ದು ನನಗೆ ಬಾಯಿಪಾಠವಾಗಿತ್ತು.

ಮೊನ್ನೆ ಬೆಳಿಗ್ಗೆ ಬೇರೆ ಸದ್ದು ಬಂತು. ಓಡಿದೆ. ಅವನು ಹಾರಿದ್ದ. ಬಂಡೆಗೆ ತಲುಪಿಯೂ ಇದ್ದ. ಆದರೆ ಬಂಡೆ ಲಿಫ್ಟಿಗಿಂತ ಒಂಚೂರು ತಗ್ಗಿನಲ್ಲಿತ್ತಂತೆ, ಅಷ್ಟಕ್ಕೇ ಸತ್ತುಬಿದ್ದಿದ್ದ. ಅಷ್ಟು ತಿಂಗಳ ಮೇಲೆ ಹಾರಿದವನನ್ನು ಕೊಂದಿರಲ್ಲ, ನಿಮಗೆ ಕರುಳಿಲ್ಲವೇ? ಅಪ್ಪ ನಿಮ್ಮ ಏಳು ತಲೆಮಾರು ಎತ್ತಿ ಬೈದರು. ಕೆಲಸದಲ್ಲಿದ್ದಾಗ ಬೈಯುತ್ತಿದ್ದ ಅದೇ ದನಿ. "ಈ ಗುಹೆ ಕಟ್ಟಿದೋನು ಕೈಗೆ ಸಿಗಲಿ, ಲಿಫ್ಟಿನ ತಳದ ಗುಂಡಿಗೇ ಇಳಿಸ್ತೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ನೀಲಿ ಅಂಗಿ ಎಲ್ಲಿಟ್ಟಿದ್ದೀಯ?" ಎಂದು ಕೇಳಿದರು.

ಕೊಟ್ಟೆ. ಅಪ್ಪ ಎದೆಯ ಮೇಲಿನ ಒಂದು ಗುಂಡಿ ತಾವೇ ಹಾಕಿಕೊಳ್ಳುವಷ್ಟರಲ್ಲಿ ಅನ್ನ ತಳಹಿಡಿಯಿತು. ನಾನು ಒಲೆಯ ಕಡೆ ಹೋಗಲಿಲ್ಲ. ಮಿಕ್ಕ ಗುಂಡಿಗಳನ್ನು ಹಾಗೇ ಬಿಟ್ಟು, ಅಪ್ಪ ಬೀದಿಯ ಕೊನೆಯವರೆಗೆ ನಡೆದುಹೋಗಿ ಬಂದರು.

ನೀವು ಎಲ್ಲೇ ಇರಿ, ನಿಮ್ಮ ಕಟ್ಟಡದ ಲಿಫ್ಟ್ ನಿಮ್ಮ ಮಹಡಿಯಲ್ಲಿ ಎಂದೂ ನಿಲ್ಲದಿರಲಿ. ಆದರೆ ನಿಮ್ಮ ಹತ್ತೂ ಬೆರಳು ಕೊನೆಯತನಕ ನಿಮ್ಮ ಮಾತು ಕೇಳಲಿ.

ಇನ್ನೂ ಸಿಟ್ಟಿನಲ್ಲೇ ಇರುವ,
ಲಿಫ್ಟ್ ಮೆಕ್ಯಾನಿಕ್ಕನ ಮಗಳು