ಬೆಳಕಿನ ಸರದಿ ಮಾರಿಕೊಂಡವರು

ಕ್ರಿ.ಶ. ೨೩೯೧, ಫೆಬ್ರವರಿ ೩೦
ರಾಯಚೂರು ಸೀಮೆಯ ನೆಲದಡಿಯ ಊರು

ಎರಡನೆಯ ಸಾಲಿನಲ್ಲಿ ಕುಳಿತ ಹಸಿರು ಸೀರೆಯ ತಾಯಿಗೆ,

ತಾರೀಖು ನೋಡಿ ನಗಬೇಡಿ. ನೆಲದಡಿ ಬಾಳುವ ನಮಗೆ ಋತುಗಳಿಲ್ಲ, ಹಾಗಾಗಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಹಿಂದಿನ ಕಾಲಕ್ಕೆ ಕಾಗದ ಬರೆಯಲು ನಮ್ಮಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಮ್ಮೆ ಅವಕಾಶವಿದೆ. ಉಳಿದವರು ತಮ್ಮ ಮುತ್ತಜ್ಜಿಯರಿಗೆ ಬರೆಯುತ್ತಾರೆ. ನಾನು ಹೆಸರೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ.

ಬಿಸಿಲು ತಾಳಲಾರದೆ ನಮ್ಮ ಹಿರಿಯರು ಹಳೆಯ ಚಿನ್ನದ ಗಣಿಯೊಳಗೆ ಇಳಿದರು. ಈಗ ಇಲ್ಲಿ ಮುನ್ನೂರು ಜನ ಇದ್ದೇವೆ. ಊಟಕ್ಕೆ ಪಾಚಿಯ ರೊಟ್ಟಿ. ಖಾರ ಹಚ್ಚಿಕೊಂಡರೆ ಹೇಗೋ ಗಂಟಲಲ್ಲಿ ಇಳಿಯುತ್ತದೆ. ನೀರು, ಗಾಳಿ, ಹಾಸಿಗೆ ಎಲ್ಲರಿಗೂ ಸಮ. ಗಣಿಯ ಬಾಯಿಯಲ್ಲಿ ಒಂದು ಗಾಜಿನ ಕೋಣೆಯಿದೆ. ಬಿಸಿಲೇರುವ ಮುಂಚೆ, ದಿನಕ್ಕೆ ಒಬ್ಬರು ಮಾತ್ರ, ಅಲ್ಲಿ ಕುಳಿತು ಬೆಳಗಾಗುವುದನ್ನು ನೋಡಬಹುದು. ಅದಕ್ಕೆ ನಾವು ಬೆಳಕಿನ ಸರದಿ ಎನ್ನುತ್ತೇವೆ. ವರ್ಷಕ್ಕೊಮ್ಮೆ ಬರುತ್ತದೆ, ಅದೃಷ್ಟವಿದ್ದರೆ ಎರಡು ಸಲ. ತಲೆಗೆ ಎರೆದುಕೊಂಡು, ಮಡಚಿಟ್ಟ ಒಳ್ಳೆಯ ಬಟ್ಟೆ ಉಟ್ಟು ಹೋಗುತ್ತೇವೆ. ಇಳಿದು ಬಂದವರ ಮುಖವನ್ನು ನೋಡಲೆಂದೇ ಮನೆಯವರು ಕೆಳಗೆ ಕಾದು ನಿಂತಿರುತ್ತಾರೆ.

ನಿಮ್ಮ ಕಾಲದ್ದೇನೂ ನಮಗೆ ಹೆಚ್ಚು ಉಳಿದಿಲ್ಲ. ಬೀಜಗಳಿಗೆ ಹುಳ ಬಿತ್ತು, ಹಾಡುಗಳು ಅರ್ಧಂಬರ್ಧ. ಒಂದಿಷ್ಟೂ ಕೆಡದೆ ಉಳಿದದ್ದು ಒಂದೇ ವಿಡಿಯೊ. ಹೋಟೆಲೊಂದರ ಹಾಲ್‌ನಲ್ಲಿ ಕೋಟು ತೊಟ್ಟವನೊಬ್ಬ, ನೀವು ಇಬ್ಬರನ್ನು ಸೇರಿಸಿ, ಅವರು ಇಬ್ಬಿಬ್ಬರನ್ನು ಸೇರಿಸಲಿ, ಆಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರಿ ಎನ್ನುತ್ತಾನೆ. ನಮ್ಮ ಪುಣ್ಯ ನೋಡಿ! ಹಳೆಯ ವಿಡಿಯೊಗಳನ್ನು ಕಾಯುವ ಮೌನೇಶ ಅದನ್ನು ನೋಡಿ ಪುದೀನ, ಜೇಡಿಮಣ್ಣು ಕಲಸಿ ತಂಪಿನ ಮುಲಾಮು ಮಾಡಿದ. ಸೇರುವವರು ಒಂದು ಸರದಿ ಬಿಟ್ಟುಕೊಟ್ಟು ಒಂದು ಪೆಟ್ಟಿಗೆ ಮುಲಾಮು ಕೊಳ್ಳಬೇಕು. ಆ ಸರದಿ ಅವರನ್ನು ಸೇರಿಸಿದವರಿಗೋ, ಇನ್ನೂ ಮೇಲಿನ ಮೆಟ್ಟಿಲಿನವರಿಗೋ ಹೋಗುತ್ತದೆ. ತಮ್ಮ ಮೆಟ್ಟಿಲು ಉಳಿಸಿಕೊಳ್ಳಲು ಆಗಾಗ ಮತ್ತೊಂದು ಪೆಟ್ಟಿಗೆ ಕೊಳ್ಳುತ್ತಿರಬೇಕು.

ನನ್ನ ಅವ್ವ ಹುಲಿಗೆಮ್ಮನ ಕಣ್ಣು ಮಂಜಾಗುತ್ತಿತ್ತು. ಇದಕ್ಕೆ ಮದ್ದಿಲ್ಲ, ಹೆಚ್ಚೆಂದರೆ ಇನ್ನೊಂದು ವರ್ಷ ಕಾಣಿಸೀತು ಎಂದು ವೈದ್ಯೆ ಹೇಳಿದ್ದಳು. ಅಷ್ಟರೊಳಗೆ ಅವ್ವನಿಗಿದ್ದದ್ದು ಒಂದೇ ಸರದಿ. ಕುರುಡಾಗುವ ಮುಂಚೆ ಇನ್ನೂ ನಾಲ್ಕು ಬೆಳಗು ನೋಡಬೇಕೆಂದು ಆಕೆ ಸೇರಿದಳು. ಅದನ್ನು ದುರಾಸೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೊದಲು ಸ್ವಂತ ತಂಗಿಯನ್ನು ಸೇರಿಸಿದಳು, ಆಮೇಲೆ ನೆರೆಯವರನ್ನು. ನೋಡನೋಡುತ್ತಿದ್ದಂತೆ ಊರಿಗೆ ಊರೇ ಮಾರುವವರಾದರು. ಕೊಳ್ಳುವವರು ಎಲ್ಲಿಂದ ಬರಬೇಕು? ಹೊಸಬರು ಬರಲು ದಾರಿಯೇ ಇಲ್ಲದ ಊರು ನಮ್ಮದು. ಬಸುರಿಯೊಬ್ಬಳು ಇನ್ನೂ ಹುಟ್ಟದ ಕೂಸನ್ನೂ ಸೇರಿಸಿದಳು, ಜನ ಚಪ್ಪಾಳೆ ತಟ್ಟಿದರು. ನಿಮ್ಮ ಲೋಕ ದೊಡ್ಡದು, ಅದಕ್ಕೇ ನಿಮಗೆ ಗೋಡೆ ಕಾಣುವುದಿಲ್ಲ. ಆದರೆ ನಿಮ್ಮ ಮುಖ ನೋಡಿ ಬಾಗಿಲು ತೆಗೆಯುವವರು ಮುನ್ನೂರು ಜನರಾದರೂ ಇದ್ದಾರೆಯೇ ತಾಯಿ?

ಗಾಜಿನ ಕೋಣೆಗೆ ಮೌನೇಶ ಮತ್ತು ಅವನ ಕೆಳಗಿನ ನಾಲ್ಕೈದು ಜನರೇ ಹೋಗತೊಡಗಿದರು. ಉಳಿದವರು ತಮ್ಮ ಮುಲಾಮನ್ನು ತಾವೇ ಬಳಿದುಕೊಂಡರು. ಸೋತವರಿಗೆಲ್ಲ ಅವನು, ವಿಡಿಯೊದಲ್ಲಿ ಹೇಳಿದಂತೆಯೇ, ನಿಮ್ಮ ಪ್ರಯತ್ನ ಸಾಲದು ಎಂದ. ಅವ್ವ ಅದನ್ನು ನಂಬಿ ತನ್ನನ್ನೇ ಬೈದುಕೊಂಡಳು.

ಆಕೆಯ ಆ ವರ್ಷದ ಸರದಿ ಹೋಯಿತು, ಮುಂದಿನವೂ ಹೋದವು. ಸೇರದೆ ಉಳಿದವಳು ನಾನೊಬ್ಬಳೇ. ನನ್ನ ಸರದಿಯನ್ನು ಆಕೆಗೆ ಕೊಟ್ಟೆ. ಹಿಂದಿನ ದಿನವೇ ತಲೆಗೆ ಎರೆದು ಹೆರಳು ಹಾಕಿದೆ. ಬೆಳಗಿನ ಜಾವ ಕೆಲಸ ಮುಗಿಸಿ ಓಡಿಬಂದು, ಆಕೆಯ ಮುಖ ನೋಡಲು ಗಣಿಯ ಏಣಿಯ ಕೆಳಗೆ ನಿಂತೆ. ಇಳಿದು ಬಂದವನು ಮೌನೇಶ.

ಅವ್ವ ಮನೆಯಲ್ಲಿ ಹೊಸ ಪೆಟ್ಟಿಗೆಯ ಪಕ್ಕ ಕೂತಿದ್ದಳು. “ಸಿಟ್ಟಾಗಬ್ಯಾಡ ಅಂಬಿ. ಇನ್ನೊಂದ ಮೆಟ್ಲ ಉಳದೈತಿ. ಅದನ್ನ ಏರಿದ್ರ ನಿನಗೂ ನನಗೂ ಬೇಕಾದಷ್ಟು ಬೆಳಗ ಸಿಗ್ತಾವ” ಅಂದಳು.

ಈಗ ಆಕೆಗೆ ಏನೂ ಕಾಣುವುದಿಲ್ಲ. ನನ್ನ ಸರದಿ ಮುಗಿಸಿ ಬಂದಾಗ, ಇವತ್ತು ಆಕಾಶ ಯಾವ ಬಣ್ಣಕ್ಕಿತ್ತು ಎಂದು ಕೇಳುತ್ತಾಳೆ. ನಾನು ಹೇಳುವುದಿಲ್ಲ. ಅಷ್ಟು ಕೆಟ್ಟವಳಾಗಿದ್ದೇನೆ ನಾನು.

ವಿಡಿಯೊದ ಕೊನೆಗೆ ಕೋಟಿನವನು, ಮೊದಲು ಯಾರು ಬರುತ್ತೀರಿ ಎಂದು ಕೇಳುತ್ತಾನೆ. ಯಾರೂ ಏಳುವುದಿಲ್ಲ. ಪಕ್ಕದವಳು ಮೊಣಕೈಯಿಂದ ತಿವಿದಾಗ ನೀವು ಹಿಂಜರಿಯುತ್ತಲೇ ಏಳುತ್ತೀರಿ, ನಿಮ್ಮ ಹಿಂದೆ ಎಲ್ಲರೂ ಏಳುತ್ತಾರೆ. ಮೌನೇಶನಿಗೆ ನಂಬಿಕೆ ಬಂದದ್ದು ಅದನ್ನು ನೋಡಿ. ನಿಮ್ಮಂಥ ಮರ್ಯಾದಸ್ಥ ಹೆಂಗಸು ಎದ್ದಮೇಲೆ ಇನ್ನೇನು ಅನುಮಾನ ಎಂದು ಅವನು ಊರಿಗೆಲ್ಲ ಹೇಳಿದ.

ಈ ಕಾಗದ ಆ ದಿನಕ್ಕಿಂತ ಮುಂಚೆ ನಿಮಗೆ ತಲುಪಿದರೆ, ಆ ಕುರ್ಚಿಯಿಂದ ಏಳಬೇಡಿ. ನನ್ನ ಅವ್ವ ಒಂದು ಸಲ ಮೇಲೆ ಹೋಗಿ ಬರಲಿ.

ಇಂತಿ,
ಹುಲಿಗೆಮ್ಮನ ಮಗಳು ಅಂಬಮ್ಮ